ರೀಡರ್ ಫಸ್ಟ್ ಕ್ಲಾಸ್, ಕರೆಂಟ್ ಮಾತ್ರ ವೈಫೈ ಅಡಾಪ್ಟರ್‌ದು!

ಕಾರ್ಡ್ ತೋರಿಸಿದರೆ ಬಾಗಿಲಿನ ಲಾಕ್ ಬಿಡಿಸುವ ಕಾರ್ಡ್ ರೀಡರ್‌ಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಪವರ್ ಸಪ್ಲೈ ಅಂದ ಕೂಡಲೇ ಜೇಬು ಮುಚ್ಚಿಕೊಳ್ಳುತ್ತಾರೆ. ಇವತ್ತು ಚಿಕ್ಕಮಗಳೂರಿನಲ್ಲಿ ಒಂದು ಕಾಫಿ ಗೋಡೌನ್ ನೋಡಿ ಬಂದೆ. ಬೇಲೂರು ದಾಟಿ ಹಾಸನ ಸೇರಿದರೂ ಸಿಟ್ಟು ಇಳಿದಿಲ್ಲ.

ಅವರ ಕಂಪ್ಲೇಂಟ್ ಏನು? "ರೀಡರ್ ಕೆಟ್ಟಿದೆ ಸರ್, ಸುಮ್ನೆ ಸುಮ್ನೆ ಆಫ್ ಆಗಿ ಆನ್ ಆಗುತ್ತೆ." ರೀಡರ್‌ಗೆ ಏನೂ ಆಗಿಲ್ಲ. ಫಾಲ್ಸ್ ಸೀಲಿಂಗ್ ಎತ್ತಿ ನೋಡಿದೆ. ವೈಫೈ ರೂಟರ್‌ನ 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಟೇಪ್ ಸುತ್ತಿಕೊಂಡು ಮಲಗಿದೆ. ರೀಡರ್‌ಗೂ ಅದೇ, ಬಾಗಿಲು ಹಿಡಿದಿಡುವ ಮ್ಯಾಗ್ನೆಟ್ ಲಾಕ್‌ಗೂ ಅದೇ! ಲಾಕ್ ತನಕ ಎಳೆದಿರುವುದು ಕಂಪ್ಯೂಟರ್ ನೆಟ್‌ವರ್ಕ್‌ಗೆ ಹಾಕುವ ಕ್ಯಾಟ್ 6 ಕೇಬಲ್‌ನ ಒಂದೇ ಜೋಡಿ ತಂತಿ. ಸುಮಾರು 30 ಮೀಟರ್ ದೂರ.

600 ಪೌಂಡ್ ಬಲದಲ್ಲಿ ಬಾಗಿಲು ಹಿಡಿಯುವ ಲಾಕ್ ಹತ್ತಿರ ಹತ್ತಿರ ಅರ್ಧ ಆಂಪಿಯರ್ ಎಳೆಯುತ್ತದೆ. ಆ ಕೂದಲಿನಂಥ ತಂತಿಯಲ್ಲಿ ಹೋಗಿ ಬರುವಷ್ಟರಲ್ಲಿ 5 ಓಮ್ ತಡೆ. ಎರಡು ವೋಲ್ಟ್ ದಾರಿಯಲ್ಲೇ ಖರ್ಚು. ಲಾಕ್ ಹತ್ತಿರ ಮೀಟರ್ ಹಿಡಿದರೆ 10 ಕೂಡ ತೋರಿಸಲಿಲ್ಲ. ಇನ್ನು ಕಾರ್ಡ್ ತೋರಿಸಿ ಲಾಕ್ ಬಿಟ್ಟಾಗಲೆಲ್ಲ ಅದರೊಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ವೋಲ್ಟೇಜನ್ನು ವಾಪಸ್ ಒದೆಯುತ್ತದೆ. ಒದೆ ತಿನ್ನುವುದು ಪಾಪದ ರೀಡರ್. ಆ ಒದೆ ತಡೆಯೋಕೆ ಲಾಕಿನ ಎರಡು ತುದಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಬೇಕಿತ್ತು. ಗೆರೆ ಇರುವ ಕಡೆ ಪ್ಲಸ್‌ಗೆ, ಅಷ್ಟೇ. ಒಂದೆರಡು ರೂಪಾಯಿ ಮಾಲು, ಅದೂ ಇಲ್ಲ.

ಅಸಲಿ ತಮಾಷೆ ಬೇರೆ ಇದೆ. ಮ್ಯಾಗ್ನೆಟ್ ಲಾಕ್ ಕರೆಂಟ್ ಇದ್ದರೆ ಹಿಡಿಯುತ್ತದೆ, ಹೋದರೆ ಬಿಡುತ್ತದೆ. ಬೆಂಕಿ ಬಿದ್ದಾಗ ಜನ ಒಳಗೆ ಸಿಕ್ಕಿಕೊಳ್ಳಬಾರದು, ಅದಕ್ಕೇ ಹಾಗೆ ಮಾಡಿರುವುದು. ಆದ್ದರಿಂದಲೇ ಬ್ಯಾಟರಿ ಇರುವ ಪವರ್ ಸಪ್ಲೈ ಬೇಕು. ಒಂದು 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ಅದನ್ನು 13.8 ವೋಲ್ಟ್‌ನಲ್ಲಿ ಚಾರ್ಜ್ ಮಾಡುವ ಡಬ್ಬ. ಕರೆಂಟ್ ಹೋದರೂ ಒಂದು ಬಾಗಿಲನ್ನು ಆರೇಳು ಗಂಟೆ ಹಿಡಿದುಕೊಂಡಿರುತ್ತದೆ. ಇಲ್ಲಿ ಅದಿಲ್ಲ. ಮಲೆನಾಡಿನ ಜುಲೈ ತಿಂಗಳು ಹೇಗಿರುತ್ತೆ ಅಂತ ನಿಮಗೇ ಗೊತ್ತು. ಕಳ್ಳನಿಗೆ ಕಾರ್ಡೂ ಬೇಡ, ಕಬ್ಬಿಣದ ರಾಡೂ ಬೇಡ. ಮಳೆಗೆ ಕಾದರೆ ಸಾಕು.

"ಆಫೀಸಿಗೆ ಯುಪಿಎಸ್ ಇದೆಯಲ್ಲ ಸರ್" ಅಂದರು ಮ್ಯಾನೇಜರ್. ಇದೆ ಸ್ವಾಮಿ, ಕಂಪ್ಯೂಟರ್ ರೂಮಿನಲ್ಲಿ. ಅಡಾಪ್ಟರ್ ಚುಚ್ಚಿರುವುದು ಮಾಮೂಲಿ ಪ್ಲಗ್‌ಗೆ!

ರೇಟ್ ಇಳಿಸದಿದ್ದರೆ ಆರ್ಡರ್ ಸಿಗಲ್ಲ ಅಂತ ನಮ್ಮ ಲೈನಿನವರೇ ಹೇಳುತ್ತಾರೆ. ನನಗೆ ಗೊತ್ತಿಲ್ವಾ? ಇದೇ ಗೋಡೌನ್‌ಗೆ ನಾನೂ ಕೊಟೇಶನ್ ಕೊಟ್ಟಿದ್ದೆ, ಜಾಸ್ತಿ ಆಯ್ತು ಅಂತ ಬಿಟ್ಟರು. ಹಾಗಾಗಿ ಈ ಸಿಟ್ಟಿನಲ್ಲಿ ಅರ್ಧ ಹೊಟ್ಟೆಕಿಚ್ಚೇ ಇರಬಹುದು, ಇರಲಿ. ರೇಟ್ ಇಳಿಸುವುದಾದರೆ ರೀಡರ್‌ನಲ್ಲಿ ಇಳಿಸಿ. ಸಾದಾ 125 ಕಿಲೋಹರ್ಟ್ಸ್ ರೀಡರ್ ಹಾಕಿ. ಅದರ ಕಾರ್ಡ್ ಕಾಪಿ ಮಾಡುವುದು ಸುಲಭ, ನಿಜ. ಕಾಪಿ ಮಾಡುವವನಾದರೂ ಒಂದಿಷ್ಟು ಕಷ್ಟಪಡಬೇಕಲ್ಲ. ಇಲ್ಲಿ ಅದೂ ಬೇಕಿಲ್ಲ.

ಸಂಜೆ ಹೊಸ ಕೊಟೇಶನ್ ಕಳಿಸಿದೆ. ಲಾಕ್‌ಗೆ ಬೇರೆ ದಪ್ಪ ವೈರ್, ಡಯೋಡ್, ಬ್ಯಾಟರಿ ಸಮೇತ ಪವರ್ ಸಪ್ಲೈ. ರೀಡರ್ ಹಳೆಯದೇ ಸಾಕು ಅಂತಲೂ ಬರೆದೆ. ಐದು ನಿಮಿಷಕ್ಕೆ ಫೋನ್ ಬಂತು.

"ಸರ್, ಆ ಡಬ್ಬ ಬಿಟ್ಟು ಎಷ್ಟಾಗುತ್ತೆ?"