ಸ್ಪಷ್ಟನೆ: ಬ್ರೆಟ್ ಹಾಕಿದ್ದೆಲ್ಲಾ ಲ್ಯಾಂಬಿಕ್ ಅಲ್ಲ

‘ಬ್ರೆಟ್ಟನೊಮೈಸಿಸ್ (ಚಿಕ್ಕದಾಗಿ ಬ್ರೆಟ್) ಯೀಸ್ಟ್ ಹಾಕಿದ ಬಿಯರನ್ನು ಸ್ಪರ್ಧೆಯಲ್ಲಿ ಲ್ಯಾಂಬಿಕ್ (ಬೆಲ್ಜಿಯಂನ ಹುಳಿ ಬಿಯರ್) ವಿಭಾಗಕ್ಕೇ ಕಳಿಸಿ’ ಎಂಬ ಸಲಹೆ ಮನೆಯಲ್ಲಿ ಬಿಯರ್ ಮಾಡುವವರ ನಡುವೆ ಓಡಾಡುತ್ತಿದೆ. ಇದು ತಪ್ಪು.

ಬ್ರೆಟ್ ಕೊಡುವುದು ಮುಖ್ಯವಾಗಿ ವಾಸನೆ. ದನದ ಕೊಟ್ಟಿಗೆ, ತೊಗಲು, ಕೆಲವೊಮ್ಮೆ ಅನಾನಸ್. ಜೋರು ಹುಳಿ ಬರುವುದು ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್‌ನಂಥ ಬ್ಯಾಕ್ಟೀರಿಯಾಗಳಿಂದ. ಲ್ಯಾಂಬಿಕ್‌ನಲ್ಲಿ ತೀರ್ಪುಗಾರರು ಆ ಹುಳಿಯನ್ನೇ ಹುಡುಕುತ್ತಾರೆ. ಅದು ಇಲ್ಲದಿದ್ದರೆ ಒಳ್ಳೆಯ ಬಿಯರ್‌ಗೂ ಸುಮ್ನೆ ಅಂಕ ಹೋಗುತ್ತದೆ. ಬೇಜಾರಲ್ವಾ?

ಅನೇಕ ಸ್ಪರ್ಧೆಗಳು ಅನುಸರಿಸುವ ಬಿಜೆಸಿಪಿಯ (ಬಿಯರ್ ತೀರ್ಪುಗಾರರ ಸಂಸ್ಥೆ) 2021ರ ಮಾರ್ಗಸೂಚಿಯಲ್ಲಿ ಲ್ಯಾಂಬಿಕ್ ವಿಭಾಗದ ಸಂಖ್ಯೆ 23ಡಿ. ಬ್ರೆಟ್ ಬಿಯರ್‌ಗೆ 28ಎ ಬೇರೆಯೇ ಇದೆ. ಬ್ಯಾಕ್ಟೀರಿಯಾವೂ ಸೇರಿ ಹುಳಿಯಾಗಿದ್ದರೆ 28ಬಿ. ಇವಕ್ಕೆ ಹಣ್ಣೋ ಮಸಾಲೆಯೋ ಹಾಕಿದ್ದರೆ 28ಸಿ.

28ಎಗೆ ಕಳಿಸುವಾಗ ಮೂಲ ಶೈಲಿಯನ್ನಾದರೂ ಬಿಯರಿನ ವಿವರವನ್ನಾದರೂ ಬರೆಯಲೇಬೇಕು. ‘ಸೈಸನ್‌ಗೆ ಬ್ರೆಟ್ ಸೇರಿಸಿದ್ದು’ ಎಂಬ ಒಂದು ಸಾಲು ಸಾಕು (ಸೈಸನ್ ಎಂದರೆ ಬೆಲ್ಜಿಯಂನ ಒಂದು ಬಿಯರ್ ಶೈಲಿ). ತೀರ್ಪುಗಾರರಿಗೆ ಅದರಿಂದ ತುಂಬಾ ಸಹಾಯ.

ಇನ್ನೊಂದು ಮಾತು. ಬ್ರೆಟ್ ಬಾಟಲಿಯೊಳಗೂ ಕೆಲಸ ಮಾಡುತ್ತಲೇ ಇರುತ್ತದೆ, ರುಚಿ ಬದಲಾಗುತ್ತದೆ. ಹಾಗಾಗಿ ರೆಸಿಪಿ ನೋಡಿ ವಿಭಾಗ ಆರಿಸಬೇಡಿ. ಫಾರಂ ತುಂಬುವ ಮುಂಚೆ ಒಂದು ಬಾಟಲಿ ತೆಗೆದು ಕುಡಿದು ನೋಡಿ.