ಜೆಲ್ಲಿ ಮೀನಿನ ಮಾತ್ರೆ, ಗಿಂಕ್ಗೊ, ಒಂದೆಲಗದ ತಂಬುಳಿ

2023ರ ಬೇಸಿಗೆಯಲ್ಲಿ ಅಪ್ಪ ನ್ಯೂಜೆರ್ಸಿಗೆ ಬಂದಿದ್ದರು. ಇಲ್ಲಿ ಔಷಧಿ ಅಂಗಡಿಗೆ ಹೋದರೆ ನೆನಪಿನ ಶಕ್ತಿಗೆ ಅಂತಲೇ ಒಂದು ಕಪಾಟು. ಟಿವಿ ಜಾಹೀರಾತಿನಲ್ಲಿ ನೋಡಿದ್ದ ಪ್ರಿವಾಜೆನ್ ಒಂದು ಕೈಯಲ್ಲಿ, ಅದಕ್ಕಿಂತ ಅಗ್ಗದ ಗಿಂಕ್ಗೊ (ಆ ಹೆಸರಿನ ಮರದ ಎಲೆಯ ಸಾರದ ಮಾತ್ರೆ) ಇನ್ನೊಂದು ಕೈಯಲ್ಲಿ ಹಿಡಿದು, 'ಯಾವುದು ತಗೊಳ್ಳೋಣ?' ಅಂದರು.

ಎರಡೂ ಬೇಡ ಅಂದೆ. ಮುಖ ಸಪ್ಪಗಾಯಿತು.

ಪ್ರಿವಾಜೆನ್‌ನಲ್ಲಿ ಇರುವುದು ಜೆಲ್ಲಿ ಮೀನಿನಲ್ಲಿ ಮೊದಲು ಸಿಕ್ಕ ಒಂದು ಪ್ರೋಟೀನ್. ನುಂಗಿದರೆ ಅದೂ ಬೇಳೆಯ ಪ್ರೋಟೀನಿನ ಹಾಗೆ ಹೊಟ್ಟೆಯಲ್ಲೇ ಕರಗುತ್ತದೆ, ಮಿದುಳಿಗೆ ತಲುಪುವುದು ಹೇಗೆ? ನೆನಪು ಹೆಚ್ಚುತ್ತದೆ ಅನ್ನುವ ಪ್ರಚಾರದ ಮೇಲೆ ಸುಳ್ಳು ಜಾಹೀರಾತಿನ ಮೇಲೆ ಕಣ್ಣಿಡುವ ಇಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕ್ ರಾಜ್ಯ 2017ರಲ್ಲೇ ಕೇಸು ಹಾಕಿದ್ದವು. ಹಾಗೆ ಹೇಳಿ ಮಾರಬೇಡಿ ಅಂತ ಕೋರ್ಟು ಆದೇಶ ಕೊಟ್ಟಿದ್ದು 2024ರ ಕೊನೆಯಲ್ಲಿ. ಅಷ್ಟು ವರ್ಷ ಜನ ಕೊಳ್ಳುತ್ತಲೇ ಇದ್ದರು. 1994ರ ಕಾನೂನಿನ ಪ್ರಕಾರ ಇಂಥ ಸಪ್ಲಿಮೆಂಟ್ (ಔಷಧಿ ಅಂತ ಲೆಕ್ಕಕ್ಕೆ ಬರದ ಪೂರಕ ಮಾತ್ರೆ) ಮಾರುವ ಮೊದಲು ಅದು ಕೆಲಸ ಮಾಡುತ್ತದೆ ಅಂತ ಸರ್ಕಾರಕ್ಕೆ ತೋರಿಸಬೇಕಿಲ್ಲ, ಅಮೆರಿಕ ಅಂದರೆ ಎಲ್ಲ ಕಟ್ಟುನಿಟ್ಟು ಅಂದುಕೊಂಡಿದ್ದ ನನಗೂ ಇದು ಹೊಸದೇ.

ಗಿಂಕ್ಗೊ ಪರವಾಗಿ ಒಂದು ಮಾತು ಹೇಳಬಹುದು. ಅದನ್ನು ಸರಿಯಾಗಿ ಪರೀಕ್ಷೆ ಮಾಡಿದ್ದಾರೆ. 75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು, ಅರ್ಧದಷ್ಟು ಜನಕ್ಕೆ ದಿನಕ್ಕೆರಡು ಸಲ 120 ಮಿಲಿಗ್ರಾಂ, ಉಳಿದವರಿಗೆ ಸುಮ್ನೆ ಖಾಲಿ ಮಾತ್ರೆ, ಸುಮಾರು ಆರು ವರ್ಷ ಕೊಟ್ಟು ನೋಡಿದರು. 2008ರಲ್ಲಿ ಫಲಿತಾಂಶ ಬಂತು: ಮರೆವಿನ ಕಾಯಿಲೆ ಕಮ್ಮಿಯಾಗಲಿಲ್ಲ. ಅಪ್ಪ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ತಗೊಳ್ಳುವವರು, ಅದರ ಜೊತೆ ಗಿಂಕ್ಗೊ ಸೇರಿದರೆ ರಕ್ತಸ್ರಾವದ ಭಯ ಬೇರೆ.

'ಹಾಗಾದರೆ ನಿಮ್ಮಮ್ಮ ಮಾಡುವ ಒಂದೆಲಗದ ತಂಬುಳಿಯೇ ವಾಸಿ ಅನ್ನು' ಅಂದರು. ಅದಕ್ಕೂ ನನ್ನ ಹತ್ತಿರ ಪುರಾವೆ ಇಲ್ಲ. ನಾವು ಒಂದೆಲಗಕ್ಕೂ ಬ್ರಾಹ್ಮಿ ಅಂತೀವಿ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅಂತೀವಿ, ಅವೆರಡೂ ಬೇರೆ ಬೇರೆ ಗಿಡ. ಆದರೆ ತಂಬುಳಿಯನ್ನು ಯಾರೂ ಬಾಟಲಿಗೆ ತುಂಬಿ ಡಾಲರ್ ಎಣಿಸಲ್ಲ, ಬಿಸಿ ಅನ್ನಕ್ಕೆ ರುಚಿಯಾಗಿಯೂ ಇರುತ್ತದೆ ಅಲ್ವಾ?

ನನಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಅಪ್ಪ ಹುಟ್ಟಾ ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ಎಷ್ಟೋ ವರ್ಷದಿಂದ ಮೆಟ್‌ಫಾರ್ಮಿನ್. ಎರಡರಿಂದಲೂ ಮೈಯಲ್ಲಿ ಬಿ12 ವಿಟಮಿನ್ ಇಳಿಯುತ್ತದೆ, ಅದು ಜಾಸ್ತಿ ಇಳಿದರೆ ಮರೆವು ಬರುತ್ತದೆ. ಅದನ್ನು ಒಂದು ಸಲವೂ ಪರೀಕ್ಷೆ ಮಾಡಿಸಿರಲಿಲ್ಲ. ಊರಿಗೆ ಹೋದ ವಾರದಲ್ಲೇ ಮಾಡಿಸಿದರು, ಕಮ್ಮಿ ಇತ್ತು, ಈಗ ಇಂಜೆಕ್ಷನ್ ನಡೆಯುತ್ತಿದೆ. ಫೋನಿನಲ್ಲಿ ಮಾತ್ರ ಇನ್ನೂ ಕೇಳುತ್ತಾರೆ, 'ಆ ಜೆಲ್ಲಿ ಮೀನಿಂದು ಒಂದು ಡಬ್ಬ ತರ್ತೀಯೇನೋ?'