ಮೋಡದ ಕೆಳಗಿನ ಕಡಲು

ಮಳೆಗಾಲದ ಕಕ್ಕಡ ತಿಂಗಳಲ್ಲಿ ನಮ್ಮ ವಿರಾಜಪೇಟೆ ಕಡೆ ಮಂಜು ಕವಿದರೆ ಗೇಟಿನಾಚೆಯ ರಸ್ತೆ ಕಾಣುವುದಿಲ್ಲ. ಅಂಥದ್ದೇ ಒಂದು ಸಂಜೆ ಯುರೋಪಿನ ಸೆಂಟಿನೆಲ್-2 ಉಪಗ್ರಹ ಜುಲೈನಲ್ಲಿ ತೆಗೆದ ಮಂಗಳೂರು ಕಡಲಿನ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಎಲ್ಲದರಲ್ಲೂ ಬರೀ ಬಿಳಿ ಮೋಡ. ಅದರ ಜೊತೆಗಾರ ಸೆಂಟಿನೆಲ್-1ರ ರೇಡಾರ್ ಚಿತ್ರ ತೆರೆದರೆ ಮೋಡದ ಸುಳಿವೇ ಇಲ್ಲ! ರೇಡಾರಿನ ರೇಡಿಯೋ ಅಲೆಗಳು ಮೋಡ ದಾಟಿ ಹೋಗುತ್ತವೆ. ಬಂದರಿನ ಹೊರಗೆ ಲಂಗರು ಹಾಕಿದ ಹಡಗುಗಳು ಬೂದು ಕಂಬಳಿಯ ಮೇಲೆ ಅಕ್ಕಿಕಾಳು ಚೆಲ್ಲಿದಂತೆ ಕಂಡವು.

ಕಳ್ಳ ಮೀನುಗಾರಿಕೆ ತಡೆಯಲು ಒಳ್ಳೆ ಕ್ಯಾಮೆರಾದ ಉಪಗ್ರಹ ಸಾಕು ಎನ್ನುವವರು ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕರ್ನಾಟಕದಲ್ಲಿ ಯಾಂತ್ರೀಕೃತ ಬೋಟುಗಳಿಗೆ ನಿಷೇಧವಿರುವುದು ಜೂನ್ 1ರಿಂದ ಜುಲೈ 31ರವರೆಗೆ. ಕಾವಲು ಬೇಕಾದ ಆ 61 ದಿನಗಳಲ್ಲೇ ಕ್ಯಾಮೆರಾಕ್ಕೆ ಕಣ್ಣು ಕಟ್ಟುತ್ತದೆ. ಹಾಗಾಗಿ ನನ್ನ ಮೊದಲ ಮತ ರೇಡಾರಿಗೆ. ನಮ್ಮದೇ ರೇಡಾರ್ ಉಪಗ್ರಹ ಇಒಎಸ್-04 2022ರಿಂದ ಮೇಲಿದೆ, 2025ರ ಜುಲೈ 30ರಂದು ಇಸ್ರೋ-ನಾಸಾ ಕೂಡಿ ಕಟ್ಟಿದ ನಿಸಾರ್ ಕೂಡ ಹಾರಿತು.

ರೇಡಾರಿಗೂ ಎಲ್ಲವೂ ಕಾಣುವುದಿಲ್ಲ. ಕಬ್ಬಿಣದ ಹಡಗು ಹೊಳೆಯುತ್ತದೆ, ಮರದ ಅಥವಾ ಫೈಬರಿನ ಸಣ್ಣ ದೋಣಿ ಮಳೆಗಾಲದ ಅಲೆಗಳ ನಡುವೆ ಕಳೆದುಹೋಗುತ್ತದೆ. ಚುಕ್ಕಿ ಸಿಕ್ಕರೂ ಅದು ಯಾರ ಬೋಟು? ಹೆಸರು ಹೇಳುವುದು ಎಐಎಸ್, ಅಂದರೆ ಹಡಗು ತಾನು ಯಾರು, ಎಲ್ಲಿದ್ದೇನೆ ಎಂದು ರೇಡಿಯೋದಲ್ಲಿ ಸಾರುವ ಯಂತ್ರ. ಅದನ್ನು ಆಫ್ ಮಾಡಿದರೆ ಮುಗಿಯಿತು. 2017ರಿಂದ 2021ರ ಉಪಗ್ರಹ ಚಿತ್ರಗಳನ್ನು ಎಐಎಸ್ ಜೊತೆ ಹೋಲಿಸಿದ ಅಧ್ಯಯನವೊಂದು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು: ಜಗತ್ತಿನ ದೊಡ್ಡ ಮೀನುಗಾರಿಕಾ ಹಡಗುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಾರ್ವಜನಿಕ ಜಾಡಿನಲ್ಲೇ ಇಲ್ಲ. ಅವರೆಲ್ಲ ಕಳ್ಳರೆಂದಲ್ಲ, ಎಷ್ಟೋ ಬೋಟುಗಳಿಗೆ ಎಐಎಸ್ ಕಡ್ಡಾಯವೇ ಅಲ್ಲ. ಮೊದಲು ಆ ನಿಯಮ ಬಿಗಿಯಾಗಲಿ.

ಲೈಟ್ ಫಿಶಿಂಗ್ ಹಿಡಿಯಲು ಬೇರೆಯೇ ಕಣ್ಣು ಬೇಕು. ಎಲ್‌ಇಡಿ ಬೆಳಕಿಗೆ ಮೀನು ಸೆಳೆದು ಬಾಚುವುದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ರಾತ್ರಿ ಒಂದೂವರೆ ಹೊತ್ತಿಗೆ ಹಾದುಹೋಗುವ ಉಪಗ್ರಹಗಳಲ್ಲಿರುವ, ರಾತ್ರಿಬೆಳಕು ಗುರುತಿಸುವ ವಿಐಐಆರ್‌ಎಸ್ ಉಪಕರಣಕ್ಕೆ ಅಂಥ ದೀಪ ಕಾಣುತ್ತದೆ. ಅದರ ಒಂದು ಪಿಕ್ಸೆಲ್ ಮುಕ್ಕಾಲು ಕಿಲೋಮೀಟರ್, ಮೋಡವಿದ್ದರೆ ಅದೂ ಕುರುಡು. ಆದರೆ ನಮ್ಮ ಕಡಲಿನ ಮೇಲೆ ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿರುತ್ತದೆ. ಉತ್ತರ ಕೊರಿಯಾದ ನೀರಿನಲ್ಲಿ 2017ರಲ್ಲಿ 900ಕ್ಕೂ ಹೆಚ್ಚು ಚೀನೀ ಹಡಗುಗಳು ಬಯಲಾದದ್ದು ಎಐಎಸ್, ರೇಡಾರ್, ಕ್ಯಾಮೆರಾ, ರಾತ್ರಿಬೆಳಕು ನಾಲ್ಕನ್ನೂ ಕೂಡಿಸಿದಾಗ. ನಮಗೂ ಅದೇ ಬೇಕು.

ಘಟ್ಟದ ಮೇಲಿನವಳಿಗೆ ಕಡಲಿನ ಚಿಂತೆ ಯಾಕೆ ಅಂತೀರಾ? ನಮ್ಮ ತಟ್ಟೆಗೆ ಬರುವ ಮೀನು ಮಂಗಳೂರು, ಕಣ್ಣೂರಿನದೇ. ಕಳೆದ ಜನವರಿಯಲ್ಲಿ ಸಂತೆಯ ಮೀನಿನ ಕಾಕ ಐಸು ಸರಿಸಿ, "ಇಷ್ಟೇ ಬರೋದು ಅಕ್ಕಾ" ಅಂತ ಬಂಗುಡೆ ತೋರಿಸಿದರು. ಕೇರಳದಲ್ಲಿ 14 ಸೆಂಟಿಮೀಟರಿಗಿಂತ ಸಣ್ಣ ಬಂಗುಡೆ ಹಿಡಿಯುವಂತಿಲ್ಲ. ಮನೆಗೆ ತಂದು ಮಗಳ ಸ್ಕೇಲಿಟ್ಟು ಅಳೆದೆ: ಹನ್ನೊಂದು. ಇದು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಮೀನು ಇಳಿಸುವ ಧಕ್ಕೆಯಲ್ಲಿ ಪೆಟ್ಟಿಗೆ ತೆರೆಸಿ ಅಳೆಯುವವರನ್ನೂ ನೇಮಿಸಿ.